ವಾಚನಾಲಯದ ಹಳೆಯ ಕಟ್ಟಡಕ್ಕೆ ಚಾವಣಿ, ಅದನ್ನು ಕಾಯಲು ಮೂಲನಿಧಿ: ಒಂದು ದೇಣಿಗೆ ಮನವಿ

ಮಾನ್ಯರೇ,

ನಮ್ಮ ಊರಿನ ಸಾರ್ವಜನಿಕ ವಾಚನಾಲಯದ ಕಟ್ಟಡವನ್ನು ಸ್ವಾತಂತ್ರ್ಯಕ್ಕೆ ಮೊದಲು ಹತ್ತಿ ವ್ಯಾಪಾರದ ಮನೆತನವೊಂದು ಸ್ವಂತ ಖರ್ಚಿನಲ್ಲಿ ಕಟ್ಟಿಸಿ ಊರಿಗೆ ಒಪ್ಪಿಸಿತು. ನಿವೇಶನ, ಕಲ್ಲು, ಸಾಗುವಾನಿಯ ತೊಲೆಗಳು, ಗಾಜಿನ ಬಾಗಿಲಿನ ಕಪಾಟುಗಳು, ನಡುಮನೆಯ ಉದ್ದನೆಯ ಮೇಜುಗಳು, ಎಲ್ಲವೂ ಅವರು ಕೊಟ್ಟವೇ. ಆದರೆ ಕಟ್ಟಡವನ್ನು ವರ್ಷ ವರ್ಷವೂ ನೋಡಿಕೊಳ್ಳುವ ಹಣ ಎಲ್ಲಿಂದ ಬರಬೇಕೆಂಬುದರ ಬಗ್ಗೆ ದಾನಪತ್ರದಲ್ಲಿ ಒಂದು ಸಾಲೂ ಇಲ್ಲ. ಇಂದು ಚಾವಣಿ ಸೋರುತ್ತಿರುವುದಕ್ಕೂ ಆ ಸಾಲು ಇಲ್ಲದಿರುವುದಕ್ಕೂ ನೇರ ಸಂಬಂಧವಿದೆಯೆಂದು ನಮ್ಮ ಟ್ರಸ್ಟ್ ನಂಬಿದೆ. ಆದ್ದರಿಂದ ಈ ಮನವಿಯಲ್ಲಿ ಎರಡು ಕೋರಿಕೆಗಳಿವೆ: ಮುಂದಿನ ಮುಂಗಾರಿನೊಳಗೆ ಚಾವಣಿಯ ದುರಸ್ತಿ, ಮತ್ತು ಈವರೆಗೆ ಇಲ್ಲದ ಒಂದು ಮೂಲನಿಧಿ.

ಕಟ್ಟಡದ ಸ್ಥಿತಿಯನ್ನು ಇದ್ದಂತೆ ಹೇಳುತ್ತೇವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಿನ ಎಷ್ಟೋ ಶಾಲೆ, ಕಚೇರಿ, ಮನೆಗಳಿಗೆ ಏರಿದ ಮಂಗಳೂರು ಹೆಂಚೇ ನಮ್ಮ ವಾಚನಾಲಯಕ್ಕೂ ಇದೆ. ಹೆಂಚುಗಳಲ್ಲಿ ಬಹುಪಾಲು ಇನ್ನೂ ಗಟ್ಟಿಯಾಗಿವೆ. ಕೆಟ್ಟಿರುವುದು ಅವುಗಳ ಕೆಳಗಿನ ಮರ. ಒಡೆದ ಕೆಲವೇ ಹೆಂಚುಗಳನ್ನು ಕಾಲಕ್ಕೆ ಸರಿಯಾಗಿ ಬದಲಿಸದೆ ಬಿಟ್ಟದ್ದರಿಂದ ರೀಪುಗಳು ನೆನೆದು ಕೊಳೆತಿವೆ, ತೊಲೆಗಳು ಗೋಡೆಯ ಮೇಲೆ ಕುಳಿತ ಜಾಗದಲ್ಲಿ ಗೆದ್ದಲು ಹತ್ತಿದೆ. ಹಿಂದೊಮ್ಮೆ ಗೋಡೆಗಳು ಉದುರತೊಡಗಿದಾಗ ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟ್ ಗಿಲಾವು ಮಾಡಲಾಯಿತು. ಸುಣ್ಣದ ಗೋಡೆ ಹೀರಿಕೊಂಡ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಅದಕ್ಕೆ ಅಡ್ಡ ನಿಂತು ತೇವವನ್ನು ಒಳಗೇ ಹಿಡಿದಿಡುತ್ತದೆ. ಉತ್ತರದ ಗೋಡೆಗೆ ಒರಗಿಸಿದ ಕಪಾಟುಗಳ ಹಿಂಬದಿಗೆ ಬೂಷ್ಟು ಬಂದಿರುವುದು ಹೀಗೆ. ಆ ಕಪಾಟುಗಳಲ್ಲಿ ಹಳೆಯ ಕನ್ನಡ ಮಾಸಪತ್ರಿಕೆಗಳ ಸಂಪುಟಗಳಿದ್ದವು. ಸದ್ಯಕ್ಕೆ ಅವನ್ನು ಮೇಜಿನ ಮೇಲೆ ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ.

ಹೆಂಚು ತೆಗೆದು ತಗಡು ಹಾಕಿಸಿರೆಂದೂ, ಎಲ್ಲವನ್ನೂ ಕೆಡವಿ ಆರ್‌ಸಿಸಿ ಕಟ್ಟಿಸಿರೆಂದೂ ಸಲಹೆ ಕೊಟ್ಟವರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತಲೇ ನಾವು ಒಪ್ಪಿಲ್ಲ. ತಗಡಿನ ಕೆಳಗೆ ಬೇಸಿಗೆಯಲ್ಲಿ ಕೂರಲಾಗುವುದಿಲ್ಲ, ಮಳೆಗಾಲದಲ್ಲಿ ಓದಲಾಗುವುದಿಲ್ಲ. ಎತ್ತರದ ಚಾವಣಿ, ಎದುರುಬದುರು ಕಿಟಕಿ, ದಪ್ಪ ಗೋಡೆಗಳಿರುವ ಈ ಕೋಣೆ ಏಪ್ರಿಲ್‌ನ ಮಧ್ಯಾಹ್ನವೂ ತಂಪಾಗಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದಿನವಿಡೀ ಇಲ್ಲಿ ಕೂರುವುದಕ್ಕೆ ಅದೇ ದೊಡ್ಡ ಕಾರಣ. ಸಿಮೆಂಟ್ ಗಿಲಾವನ್ನು ಬಿಡಿಸಿ, ಸುಣ್ಣವನ್ನು ನೀರಿನಲ್ಲಿ ಕೊಳೆಹಾಕಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಗಾರೆ ಅರೆಯುವ ಪದ್ಧತಿ ತಿಳಿದ ಮೇಸ್ತ್ರಿಗಳು ಈಗ ವಿರಳ, ಅವರ ಕೆಲಸ ನಿಧಾನ, ಕೂಲಿಯೂ ಹೆಚ್ಚು. ಆದರೂ ಈ ಕಟ್ಟಡಕ್ಕೆ ಹೊಂದುವ ದುರಸ್ತಿ ಅದೊಂದೇ.

ಇನ್ನು ಮೂಲನಿಧಿಯ ವಿಷಯ. ಗ್ರಂಥಾಲಯದ ಕಟ್ಟಡಗಳಿಗೆ ದಾನ ಕೊಟ್ಟವರಲ್ಲಿ ಆಂಡ್ರ್ಯೂ ಕಾರ್ನೆಗಿಯಷ್ಟು ಕೊಟ್ಟವರು ಬೇರೆ ಇಲ್ಲ. 1835ರಲ್ಲಿ ಸ್ಕಾಟ್ಲೆಂಡಿನ ಡನ್ಫರ್ಮ್ಲಿನ್‌ನಲ್ಲಿ ನೇಕಾರನ ಮಗನಾಗಿ ಹುಟ್ಟಿ, 1848ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಮನೆಯ ಹುಡುಗ ಅವರು. ಜೇಮ್ಸ್ ಆಂಡರ್ಸನ್ ಎಂಬವರು ತಮ್ಮ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆಂದು ತೆರೆದಿಟ್ಟಿದ್ದರು. ಮುಂದೆ ಆ ಗ್ರಂಥಾಲಯವು ಕಸುಬು ಕಲಿಯಲು ಸೇರಿದ ಹುಡುಗರಿಗಷ್ಟೇ ಉಚಿತ, ಉಳಿದವರು ವರ್ಷಕ್ಕೆ ಎರಡು ಡಾಲರ್ ಕೊಡಬೇಕು ಎಂದಾದಾಗ, ತಂತಿ ಕಚೇರಿಯಲ್ಲಿ ಸಂದೇಶ ಹಂಚುತ್ತಿದ್ದ ಈ ಹುಡುಗ ಪತ್ರಿಕೆಗೆ ಕಾಗದ ಬರೆದು ವಾದಿಸಿ ನಿಯಮವನ್ನೇ ಬದಲಿಸಿದ. ಉಕ್ಕಿನ ಉದ್ಯಮದಲ್ಲಿ ಅಪಾರ ಹಣ ಗಳಿಸಿದ ಮೇಲೆ ಅವರ ದಾನದಿಂದ 1883 ಮತ್ತು 1929ರ ನಡುವೆ 2,509 ಗ್ರಂಥಾಲಯಗಳು ಎದ್ದವು. ಅವುಗಳಲ್ಲಿ 1,600ಕ್ಕೂ ಹೆಚ್ಚು ಅಮೆರಿಕದಲ್ಲಿವೆ, ಅದರಲ್ಲೂ ಬಹಳಷ್ಟು ಸಣ್ಣ ಊರುಗಳಲ್ಲಿವೆ. 1892ರಲ್ಲಿ ಕಾರ್ನೆಗಿಯವರದೇ ಉಕ್ಕಿನ ಕಾರ್ಖಾನೆಯಲ್ಲಿ ನಡೆದ ಹೋಮ್‌ಸ್ಟೆಡ್ ಮುಷ್ಕರದ ನೆನಪಿದ್ದ ಕಾರ್ಮಿಕರು, ಈ ಹಣ ನಮ್ಮ ಕೂಲಿಯಲ್ಲಿ ಬರಬೇಕಿತ್ತೆಂದು ಕೇಳಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಆ ದಾನಕ್ಕೆ ಅಂಟಿಸಿದ್ದ ಷರತ್ತನ್ನು ಮಾತ್ರ ನಾವು ಮತ್ತೆ ಮತ್ತೆ ಓದಿದ್ದೇವೆ. ನಿವೇಶನವನ್ನು ಊರೇ ಕೊಡಬೇಕು. ಕಟ್ಟಡಕ್ಕೆ ಸಿಕ್ಕ ಮೊತ್ತದ ಹತ್ತನೇ ಒಂದು ಭಾಗವನ್ನು ಪ್ರತಿವರ್ಷ ಊರಿನ ಆಡಳಿತವೇ ನಿರ್ವಹಣೆಗೆ ತೆಗೆದಿಡಬೇಕು. ಹತ್ತು ಸಾವಿರ ಡಾಲರಿನ ಕಟ್ಟಡ ಪಡೆದ ಊರು ವರ್ಷಕ್ಕೆ ಸಾವಿರ ಡಾಲರ್ ಕೊಡುತ್ತೇನೆಂದು ಬರೆದುಕೊಡಬೇಕಿತ್ತು. ಕೊಟ್ಟ ಮಾತು ತಪ್ಪಿದ ಊರುಗಳೂ ಇದ್ದವು. ಕಾರ್ನೆಗಿಯವರ ದಾನಸಂಸ್ಥೆಯಾದ ಕಾರ್ನೆಗಿ ಕಾರ್ಪೊರೇಷನ್ನಿಗಾಗಿ ಅರ್ಥಶಾಸ್ತ್ರಜ್ಞ ಆಲ್ವಿನ್ ಜಾನ್ಸನ್ ಊರೂರು ಸುತ್ತಿ, ಕಟ್ಟಡಕ್ಕಿಂತ ಅದನ್ನು ನಡೆಸಬಲ್ಲ ತರಬೇತಿ ಪಡೆದ ಗ್ರಂಥಪಾಲಕರು ಮುಖ್ಯವೆಂದು ವರದಿ ಕೊಟ್ಟರು. 1917ರ ಬಳಿಕ ಹೊಸ ಕಟ್ಟಡಗಳಿಗೆ ಅನುದಾನ ನಿಂತಿತು, ಆಗಲೇ ಮಂಜೂರಾದವು ಮಾತ್ರ ಆಮೇಲೂ ಏಳುತ್ತಿದ್ದವು. ಅಮೆರಿಕದಲ್ಲಿ ಕಾರ್ನೆಗಿ ಕಟ್ಟಿಸಿದ ಮೊದಲ ಗ್ರಂಥಾಲಯ, ಪೆನ್ಸಿಲ್ವೇನಿಯಾದ ಬ್ರ್ಯಾಡಕ್ ಊರಿನ 1889ರ ಕಟ್ಟಡವೇ 1974ರಲ್ಲಿ ಬಾಗಿಲು ಮುಚ್ಚಿ ಕೆಡವುವ ಹಂತಕ್ಕೆ ಬಂತು. ಅಲ್ಲಿನ ಕೊನೆಯ ಗ್ರಂಥಪಾಲಕರೂ ಊರವರೂ ಸೇರಿ ಅದನ್ನು ಉಳಿಸಿಕೊಂಡು, 1983ರಲ್ಲಿ ಮಕ್ಕಳ ಕೋಣೆಯೊಂದನ್ನು ಮೊದಲು ತೆರೆದರು. ಹಣ ಬಂದಷ್ಟಕ್ಕೆ ಒಂದೊಂದೇ ಕೋಣೆಯನ್ನು ಸರಿಪಡಿಸುವ ಆ ಕ್ರಮವನ್ನೇ ನಾವೂ ಅನುಸರಿಸಲಿದ್ದೇವೆ.

ನಮ್ಮ ದೇಶದಲ್ಲಿ ಈ ಬಗೆಯ ದಾನ ಕಾರ್ನೆಗಿಗಿಂತ ಹಿಂದಿನದು. ಬಂಗಾಳದ ಉತ್ತರಪಾಡಾದಲ್ಲಿ ಜಮೀನುದಾರ ಜಯಕೃಷ್ಣ ಮುಖೋಪಾಧ್ಯಾಯರು ಗಂಗೆಯ ದಡದಲ್ಲಿ ಕಟ್ಟಿಸಿದ ಗ್ರಂಥಾಲಯ 1859ರಲ್ಲೇ ಸಾರ್ವಜನಿಕರಿಗೆ ತೆರೆದಿತ್ತು. ನಮ್ಮ ಹತ್ತಿ ವ್ಯಾಪಾರಿಗಳ ಮನೆತನ ಇದೇ ಪರಂಪರೆಗೆ ಸೇರಿದ್ದು.

ಸರ್ಕಾರದ ನೆರವಿಲ್ಲವೇ ಎಂದು ಹಲವರು ಕೇಳುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲರೂ ಕಟ್ಟುತ್ತೇವೆ. ಆ ಹಣ ಗ್ರಂಥಾಲಯ ಪ್ರಾಧಿಕಾರಗಳಿಗೆ ಸಲ್ಲುವಂಥದ್ದು. ನಮ್ಮ ಕಟ್ಟಡ ಟ್ರಸ್ಟಿನ ಒಡೆತನದಲ್ಲಿರುವುದರಿಂದ ಅದರ ಚಾವಣಿ, ಗೋಡೆಗಳ ಹೊಣೆ ನಮ್ಮದೇ. ಓದುಗರಿಂದ ಶುಲ್ಕ ವಸೂಲಿ ಮಾಡುವ ಯೋಚನೆಯನ್ನು ಟ್ರಸ್ಟ್ ಕೈಬಿಟ್ಟಿದೆ. ತಿಂಗಳಿಗೆ ಐವತ್ತು ರೂಪಾಯಿಯ ಶುಲ್ಕವೂ ಮೊದಲು ಹೊರಗೆ ನಿಲ್ಲಿಸುವುದು ಹಳ್ಳಿಯಿಂದ ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬರುವ ಹೆಣ್ಣುಮಕ್ಕಳನ್ನೇ.

ಬಂದ ಪ್ರತಿ ದೇಣಿಗೆಯನ್ನು ಟ್ರಸ್ಟ್ ಎರಡು ಸಮಪಾಲು ಮಾಡುತ್ತದೆ. ಒಂದು ಪಾಲು ದುರಸ್ತಿಗೆ: ಮೊದಲು ತೊಲೆ ಮತ್ತು ರೀಪು, ಆಮೇಲೆ ಉತ್ತರದ ಗೋಡೆ, ಕೊನೆಗೆ ಕಪಾಟುಗಳು. ಇನ್ನೊಂದು ಪಾಲು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿಯುತ್ತದೆ. ಅದರ ಬಡ್ಡಿಯನ್ನು ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲು, ಗೆದ್ದಲಿನ ಔಷಧಿಗೆ, ಸುಣ್ಣ ಬಳಿಸಲು ಮಾತ್ರ ಬಳಸುತ್ತೇವೆ. ಅಸಲನ್ನು ಯಾವ ಕಾರಣಕ್ಕೂ ಮುಟ್ಟಕೂಡದೆಂದು ಟ್ರಸ್ಟಿಗಳು ಸಭೆಯಲ್ಲಿ ಠರಾವು ಬರೆದಿದ್ದಾರೆ. ಸಣ್ಣ ಮೊತ್ತ ಕೊಡುವವರು ಸಂಕೋಚಪಡಬೇಕಿಲ್ಲ. ನೂರು ರೂಪಾಯಿ ಬಂದರೂ ಐವತ್ತು ರೂಪಾಯಿ ಠೇವಣಿಗೆ ಸೇರುತ್ತದೆ. ತಿಂಗಳ ಜಮಾ ಖರ್ಚಿನ ಪಟ್ಟಿಯನ್ನು ಪತ್ರಿಕೆ ಓದುವ ಮೇಜಿನ ಪಕ್ಕದ ಫಲಕದಲ್ಲಿ ಹಾಕುತ್ತೇವೆ, ದೂರದ ದಾನಿಗಳಿಗೆ ಅಂಚೆಯಲ್ಲಿ ಕಳುಹಿಸುತ್ತೇವೆ.

ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕ ಅಥವಾ ಬ್ಯಾಂಕ್ ವರ್ಗಾವಣೆಯಿಂದ ಕೊಡಬೇಕಾಗಿ ಕೋರುತ್ತೇವೆ. ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ. ಹೊರದೇಶದಲ್ಲಿರುವ ನಮ್ಮ ಊರಿನ ಮಕ್ಕಳು ಭಾರತೀಯ ಪೌರರಾಗಿಯೇ ಇದ್ದರೆ ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದ ನಮ್ಮ ಟ್ರಸ್ಟ್ ಸ್ವೀಕರಿಸುವಂತಿಲ್ಲ. ಅಂಥವರು ಊರಿನಲ್ಲಿರುವ ತಮ್ಮ ಬಂಧುಗಳಿಗೆ ಈ ಮನವಿಯನ್ನು ಓದಿಸಿದರೂ ನಮಗೆ ಉಪಕಾರವೇ. ಮನೆಯಲ್ಲಿರುವ ಪುಸ್ತಕಗಳನ್ನು ಕೊಡುತ್ತೇವೆಂದು ಮುಂದೆ ಬಂದವರಿಗೆ ನಾವು ಋಣಿಗಳು. ಚಾವಣಿಯ ಕೆಲಸ ಮುಗಿದು ಕಪಾಟುಗಳು ಒಣಗುವವರೆಗೆ ದಯವಿಟ್ಟು ಆ ಪುಸ್ತಕಗಳನ್ನು ನಿಮ್ಮಲ್ಲೇ ಇರಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು, ಸಾರ್ವಜನಿಕ ವಾಚನಾಲಯ