ನಮ್ಮ ಬೆಂಚಿನವರ ಕನಸು

ಮಾನ್ಯರೇ,

ನಾವು ಈ ವರ್ಷ ಗದಗ-ಬೆಟಗೇರಿಯಲ್ಲಿ ಹತ್ತನೇ ಕ್ಲಾಸು ಮುಗಿಸಿದೆವು. ಜಾಸ್ತಿ ಅಂಕ ಬಂದವರ ಫೋಟೊ ಪೇಪರಿನಲ್ಲಿ ಬರುತ್ತದೆ. ನನಗೆ ನನ್ನ ಗೆಳೆಯರ ಬಗ್ಗೆ ಹೇಳಬೇಕು ಅನ್ನಿಸಿತು.

ನನ್ನ ಪಕ್ಕ ಕೂರುತ್ತಿದ್ದವಳ ಮನೆಯಲ್ಲಿ ಮಗ್ಗ ಇದೆ. ಬೆಳಿಗ್ಗೆ ಅಪ್ಪನಿಗೆ ನೇಯಲು ಕಂಡಿಕೆಗೆ ನೂಲು ಸುತ್ತಿಕೊಟ್ಟೇ ಕ್ಲಾಸಿಗೆ ಬರುತ್ತಿದ್ದಳು. ಲಂಗದ ಮೇಲೆ ನೂಲಿನ ಎಳೆ ಅಂಟಿರುತ್ತಿತ್ತು. ಗಣಿತದ ಗ್ರಾಫ್ ಹಾಳೆ ಉಳಿದರೆ ಸಾಕು, ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಸೀರೆಯ ಅಂಚು ಬಿಡಿಸುತ್ತಿದ್ದಳು. ಟೆಕ್ಸ್‌ಟೈಲ್ ಡಿಸೈನ್ ಓದುವುದು ಅವಳ ಆಸೆ. ಓದಲೇಬೇಕು ಅವಳು.

ಇನ್ನೊಬ್ಬನಿಗೆ ರೈಲಿನ ಹುಚ್ಚು. ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮನ್ನು ಆ ತುದಿಯಿಂದ ಈ ತುದಿಗೆ ನಡೆದು ಬಂದಿದ್ದಾನೆ. ಲೋಕೋ ಪೈಲಟ್ ಆಗಲು ಐಟಿಐ ಸೇರುತ್ತಾನಂತೆ. ಮತ್ತೊಬ್ಬಳು ಧಾರವಾಡದಲ್ಲಿ ಕೃಷಿ ಪದವಿ ಓದಿ ಹೊಲಕ್ಕೇ ವಾಪಸ್ ಬರುತ್ತೇನೆ ಅನ್ನುತ್ತಾಳೆ. ಈರುಳ್ಳಿ ಬೆಲೆ ಬಿದ್ದಾಗಿನ ಮನೆಯ ಕಷ್ಟ ನೋಡಿದ್ದಾಳಲ್ವಾ.

ಕೊನೆಯ ದಿನ ಎಲ್ಲರೂ ಯೂನಿಫಾರ್ಮ್ ಮೇಲೆ ಸಹಿ ಹಾಕಿಸಿಕೊಂಡೆವು. ನನ್ನದನ್ನು ಅಮ್ಮನಿಗೆ ಇನ್ನೂ ಒಗೆಯಲು ಕೊಟ್ಟಿಲ್ಲ.

– ವಿದ್ಯಾರ್ಥಿನಿ, ಬೆಟಗೇರಿ