4 ಕಿಲೋಮೀಟರ್ ತಂತಿಗೆ 10 ಎಂಬಿಪಿಎಸ್ ಮಾರಿದ್ದರ ಬಗ್ಗೆ

ಬೆಂಗಳೂರು
25 ಜುಲೈ 2022

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನನ್ನ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ವೇಗ, ಮತ್ತು ಜುಲೈ 18ರಂದು ನಿಮ್ಮ ಕಚೇರಿಯಲ್ಲಿ ನಡೆದದ್ದು

ಮಾನ್ಯರೇ,

ಇದು ನನ್ನ ಏಳನೇ ದೂರು. ಮೊದಲ ಆರನ್ನು ಫೋನಿನಲ್ಲಿ ಕೊಟ್ಟಿದ್ದೆ. ಆರಕ್ಕೂ ಡಾಕೆಟ್ ನಂಬರ್ ಬಂತು. ಆರಕ್ಕೂ ಎರಡು ದಿನ ಬಿಟ್ಟು "ನಿಮ್ಮ ದೂರು ಪರಿಹಾರವಾಗಿದೆ" ಅಂತ ಎಸ್‌ಎಂಎಸ್ ಬಂತು. ಏನು ಪರಿಹಾರ ಮಾಡಿದಿರಿ ಅಂತ ಒಬ್ಬರೂ ಹೇಳಲಿಲ್ಲ. ಅದಕ್ಕೇ ಈ ಸಲ ಕಾಗದದಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದೇನೆ.

ನಾನು ಉತ್ತರಹಳ್ಳಿಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ, ಇಂಥವೇ ಜಾಸ್ತಿ. ಫೈಲ್ ರೆಡಿ ಮಾಡಿ ಸುಲ್ತಾನ್‌ಪೇಟೆಯ ಪ್ರೆಸ್‌ಗೆ ಕಳಿಸಬೇಕು. ಕಳೆದ ವರ್ಷ ಜೂನ್‌ನಲ್ಲಿ ನಿಮ್ಮ ಕಡೆಯ ಹುಡುಗ ಮನೆಗೆ ಬಂದು 10 ಎಂಬಿಪಿಎಸ್ ಪ್ಲಾನ್ ಹಾಕಿಸಿದ. ತಿಂಗಳಿಗೆ 749 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. "ಇಲ್ಲಿ 10 ಬರುತ್ತಾ?" ಅಂತ ನಾನು ಎರಡು ಸಲ ಕೇಳಿದೆ. "ಆರಾಮಾಗಿ ಬರುತ್ತೆ ಆಂಟಿ" ಅಂದ. ಸಹಿ ಹಾಕಿದೆ.

ಅವತ್ತಿನಿಂದ ಇವತ್ತಿನವರೆಗೆ 10 ಬಂದಿಲ್ಲ. 5 ಬಂದಿಲ್ಲ. 3 ಕೂಡ ಬಂದಿಲ್ಲ. ಮೊನ್ನೆಯವರೆಗೂ ಬರುತ್ತಿದ್ದದ್ದು 1.9. ಅಪ್‌ಲೋಡ್ 0.4. 90 ಎಂಬಿಯ ಒಂದು ಲಗ್ನಪತ್ರಿಕೆಯ ಫೈಲ್ ಹೋಗಲು ಅರ್ಧ ಗಂಟೆ ಹಿಡಿಯುತ್ತದೆ. ಇಪ್ಪತ್ತೈದನೇ ನಿಮಿಷಕ್ಕೆ ಲೈನ್ ಕಟ್ ಆದರೆ ಮತ್ತೆ ಮೊದಲಿನಿಂದ. ಮೇ ತಿಂಗಳ ಮದುವೆ ಸೀಸನ್‌ನಲ್ಲಿ ಒಂದೇ ವಾರ ಮೂರು ಸಲ ಪೆನ್ ಡ್ರೈವ್ ಹಿಡಿದು ಬಸ್ಸಿನಲ್ಲಿ ಸುಲ್ತಾನ್‌ಪೇಟೆಗೆ ಹೋಗಿದ್ದೇನೆ. ಒಬ್ಬ ಗಿರಾಕಿ ಆಮೇಲೆ ಬರಲೇ ಇಲ್ಲ.

ನಿಮ್ಮ ಕಾಲ್ ಸೆಂಟರ್‌ನವರು ಪ್ರತಿ ಸಲವೂ ಹೇಳಿದ್ದು ಒಂದೇ. ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಮಾಡಿದೆ. ಸ್ಪ್ಲಿಟರ್ (ಫೋನಿಗೂ ಇಂಟರ್ನೆಟ್ಟಿಗೂ ಲೈನ್ ಬೇರೆ ಮಾಡುವ ಡಬ್ಬಿ) ಬದಲಾಯಿಸಿ. ಬದಲಾಯಿಸಿದೆ, ನನ್ನ ದುಡ್ಡಿನಲ್ಲಿ. ಮನೆಯೊಳಗಿನ ವೈರಿಂಗ್ ಹಳೆಯದು ಅಂದರು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ವೈರ್ ಎಳೆಸಿದೆ. ಕೊನೆಗೆ ನಿಮ್ಮ ಮೋಡೆಮ್ಮೇ ಕೆಟ್ಟಿದೆ, ಹೊಸದು ತಗೊಳ್ಳಿ ಅಂದರು.

ಆಗ ಒಂದು ಕೆಲಸ ಮಾಡಿದೆ. ನನ್ನ ತಂಗಿಯ ಮನೆ ನಿಮ್ಮ ಟೆಲಿಫೋನ್ ಎಕ್ಸ್‌ಚೇಂಜ್ ಹಿಂದಿನ ರಸ್ತೆಯಲ್ಲೇ ಇದೆ. ಅವಳದ್ದೂ ನಿಮ್ಮದೇ ಲೈನ್, ಇದೇ 10ರ ಪ್ಲಾನ್. ಮೋಡೆಮ್ಮನ್ನು ಬಟ್ಟೆ ಚೀಲದಲ್ಲಿ ಸುತ್ತಿ ಅವಳ ಮನೆಗೆ ಒಯ್ದು ಅವಳ ಲೈನಿಗೆ ಸಿಕ್ಕಿಸಿದೆ. ಎರಡು ನಿಮಿಷದಲ್ಲಿ ಡಿಎಸ್‌ಎಲ್ ದೀಪ ಮಿನುಗುವುದು ಬಿಟ್ಟು ಸ್ಥಿರವಾಗಿ ಉರಿಯಿತು, ಅಂದರೆ ಲೈನ್ ಸಿಕ್ಕಿತು. ಮೋಡೆಮ್ ಒಳಗಿನ ಪುಟ ತೆಗೆದು ನೋಡಿದರೆ ಪೂರ್ತಿ 10. ಲೈನ್ ಅಟೆನ್ಯುಯೇಶನ್, ಅಂದರೆ ದಾರಿಯಲ್ಲಿ ಸಿಗ್ನಲ್ ಎಷ್ಟು ಕಳೆದುಹೋಯಿತು ಅನ್ನುವ ಅಳತೆ, 9 ಡೆಸಿಬಲ್. ವಾಪಸ್ ಮನೆಗೆ ಬಂದು ಅದೇ ಮೋಡೆಮ್, ಅದೇ ವೈರ್ ಸಿಕ್ಕಿಸಿದೆ. ವೇಗ 1.9. ಅಟೆನ್ಯುಯೇಶನ್ 57.

ಈ 57 ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಕಚೇರಿಯಲ್ಲಿ ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ. ಎಕ್ಸ್‌ಚೇಂಜಿನಿಂದ ನೀವು ಹಾಕಿದ ಸಿಗ್ನಲ್‌ನ ಶಕ್ತಿಯಲ್ಲಿ ಸುಮಾರು 5 ಲಕ್ಷದಲ್ಲಿ ಒಂದು ಪಾಲು ನನ್ನ ಮನೆ ಮುಟ್ಟುತ್ತಿದೆ ಅಂತ ಅರ್ಥ. ಉಳಿದದ್ದೆಲ್ಲ ದಾರಿಯ ತಾಮ್ರದಲ್ಲೇ ಕರಗಿ ಹೋಗುತ್ತದೆ. ಅದು ನನ್ನ ಮನೆಯ ವೈರಿಂಗೂ ಅಲ್ಲ, ಮೋಡೆಮ್ಮೂ ಅಲ್ಲ.

ಈಗ ಜುಲೈ 18ರ ವಿಷಯ.

ಅವತ್ತು ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಸೇವಾ ಕೇಂದ್ರಕ್ಕೆ ಬಂದೆ. ಟೋಕನ್ ನಂಬರ್ 43. ಒಂದೂಕಾಲು ಗಂಟೆ ಕಾದೆ. ಕೈಯಲ್ಲಿ ಎರಡು ಹಾಳೆ ಇದ್ದವು. ಒಂದರಲ್ಲಿ ನನ್ನ ಮನೆಯ ಅಂಕಿಗಳು, ಇನ್ನೊಂದರಲ್ಲಿ ತಂಗಿ ಮನೆಯವು. ನೀಟಾಗಿ ಟೈಪ್ ಮಾಡಿ ತಂದಿದ್ದೆ. 2ನೇ ಕೌಂಟರ್‌ನಲ್ಲಿ ಕೂತವರಿಗೆ ಗಾಜಿನ ಕೆಳಗಿನ ಸಂದಿಯಿಂದ ಎರಡನ್ನೂ ಕೊಟ್ಟೆ. ಅವರು ನೋಡಲಿಲ್ಲ. ನನ್ನ ಫೋನ್ ನಂಬರ್ ಕೇಳಿ ಕಂಪ್ಯೂಟರ್‌ನಲ್ಲಿ ಹಾಕಿದರು.

"ಫೋನ್‌ನಲ್ಲಿ ಡಯಲ್ ಟೋನ್ ಬರುತ್ತಲ್ವಾ ಮೇಡಂ?"

"ಬರುತ್ತೆ ಸಾರ್. ಫೋನ್ ಚೆನ್ನಾಗೇ ಇದೆ. ಇಂಟರ್ನೆಟ್ ಸ್ಪೀಡ್..."

"ಡಯಲ್ ಟೋನ್ ಬಂದ್ರೆ ಲೈನ್ ಸರಿ ಇದೆ ಅಂತ. ತೊಂದರೆ ನಿಮ್ಮನೇಲಿದೆ."

ನಾನು ಹೇಳಿದೆ, "ಸಾರ್, ಮಾತು ಹೋಗೋದು 4 ಕಿಲೋಹರ್ಟ್ಸ್ ಒಳಗೆ. ಅದು ತುಂಬ ದೂರ ಆದ್ರೂ ಬರುತ್ತೆ. ಇದೇ ತಂತೀಲಿ ಇಂಟರ್ನೆಟ್ ತರೋ ಎಡಿಎಸ್‌ಎಲ್ 2 ಪ್ಲಸ್ 2.2 ಮೆಗಾಹರ್ಟ್ಸ್‌ವರೆಗೆ ಹೋಗುತ್ತೆ. ದೂರ ಜಾಸ್ತಿ ಆದಷ್ಟೂ ಮೇಲಿನ ಫ್ರೀಕ್ವೆನ್ಸಿಗಳೇ ಮೊದಲು ಸಾಯುತ್ತೆ. ದಯವಿಟ್ಟು ಆ ಹಾಳೆ ನೋಡಿ, 57 ಇದೆ."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನೀವು ಇಂಜಿನಿಯರಾ?"

"ಅಲ್ಲ ಸಾರ್. ಡಿಟಿಪಿ ಮಾಡ್ತೀನಿ."

"ಮತ್ತೆ ಇದೆಲ್ಲ ನಿಮಗ್ಯಾಕೆ? ಗೂಗಲ್‌ನಲ್ಲಿ ಓದ್ಕೊಂಡು ಬಂದ್ಬಿಡ್ತಾರೆ." ಇದನ್ನು ನನಗಲ್ಲ, ಪಕ್ಕದ ಕೌಂಟರ್‌ನವರಿಗೆ ಹೇಳಿದರು. ಅವರು ನಕ್ಕರು. ನನ್ನ ಹಿಂದೆ ನಿಂತವರಲ್ಲೂ ಇಬ್ಬರು ನಕ್ಕರು. ಅಷ್ಟರಲ್ಲಿ ಟೀ ಹುಡುಗ ಬಂದ. ಅವರು ಗ್ಲಾಸ್ ತಗೊಂಡು ನನ್ನ ಹಾಳೆಯ ಮೇಲೆ ಇಟ್ಟರು. ನಾನು ನೋಡುತ್ತಾ ನಿಂತಿದ್ದೆ. ಗ್ಲಾಸಿನ ಹೊರಗೆ ಟೀ ಇಳಿದು, ಸರಿಯಾಗಿ 57 ಅಂತ ಬರೆದಿದ್ದ ಜಾಗದಲ್ಲಿ ಕಂದು ಬಣ್ಣದ ಉಂಗುರ ಆಯಿತು. ಎರಡು ಗುಟುಕು ಕುಡಿದು ಮತ್ತೆ ಅಲ್ಲೇ ಇಟ್ಟರು. ಎರಡನೇ ಉಂಗುರ ಆಯಿತು.

"ಮನೇಲಿ ಸಾರ್ ಇದ್ರೆ ಕಳ್ಸಿ ಮೇಡಂ. ಅವರಿಗೆ ಹೇಳ್ತೀನಿ, ಅರ್ಥ ಆಗುತ್ತೆ."

ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಆ ಲೈನ್ ನನ್ನ ಹೆಸರಿನಲ್ಲಿದೆ. ಬಿಲ್ ಕಟ್ಟುವವಳು ನಾನು. ಅಲ್ಲಿ ಅದನ್ನು ಹೇಳಬೇಕು ಅನಿಸಲಿಲ್ಲ. ಹಾಳೆ ವಾಪಸ್ ಕೇಳಿದೆ. ಗ್ಲಾಸ್ ಎತ್ತಿ ಕೊಟ್ಟರು. "ನೆಕ್ಸ್ಟ್, 44" ಅಂದರು.

ಇಪ್ಪತ್ತಾರು ವರ್ಷದಿಂದ ದುಡಿದು ತಿನ್ನುತ್ತಿದ್ದೇನೆ. ಒಂದು ಅಕ್ಷರ ತಪ್ಪಾದರೂ ಗಿರಾಕಿಯ ಮುಂದೆ ನಿಂತು ಒಪ್ಪಿಕೊಂಡು, ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿ ಕೊಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ಅಷ್ಟು ಜನರ ಮುಂದೆ ಯಾರೂ ನನ್ನನ್ನು ಹೀಗೆ ಮಾಡಿರಲಿಲ್ಲ. ಮನೆಗೆ ಬಂದು ಆ ದಿನ ಕೆಲಸಕ್ಕೆ ಕೂರಲು ಆಗಲಿಲ್ಲ.

ಎರಡು ದಿನ ಬಿಟ್ಟು ನಿಮ್ಮ ಲೈನ್‌ಮನ್ ಒಬ್ಬರು ಬಂದರು. ಅವರ ಹೆಸರು ಬರೆಯುವುದಿಲ್ಲ. ನಿಜ ಹೇಳಿದ್ದಕ್ಕೆ ಅವರಿಗೆ ತೊಂದರೆ ಆಗಬಾರದು. ನಮ್ಮ ರಸ್ತೆ ತಿರುವಿನಲ್ಲಿರುವ ಪಿಲ್ಲರ್ ಬಾಕ್ಸ್ ತೆಗೆದು ನನ್ನನ್ನೂ ಕರೆದು ತೋರಿಸಿದರು. ಬಾಗಿಲಿಗೆ ಬೀಗವಿಲ್ಲ, ಪ್ಲಾಸ್ಟಿಕ್ ಚೀಲ ಕಟ್ಟಿದೆ. ಒಳಗೆ ನೂರಾರು ಜೋಡಿ ತಂತಿ. ನನ್ನ ಜೋಡಿಯ ಜಾಯಿಂಟ್ ಹಸಿರು ಕಟ್ಟಿತ್ತು, ಹಳೇ ತಾಮ್ರದ ಚೊಂಬಿನ ತಳದ ಹಾಗೆ. ಮಳೆ ನೀರು ಇಳಿದೂ ಇಳಿದೂ ಹಾಗಾಗಿದೆ ಅಂದರು. ಕತ್ತರಿಸಿ, ಹೊಸದಾಗಿ ಕೆರೆದು, ಮತ್ತೆ ಜಾಯಿಂಟ್ ಹಾಕಿದರು. ಅರ್ಧ ಗಂಟೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಮಾಡಿದರು. ಲೈನ್ ಕಟ್ ಆಗುವುದು ಕಡಿಮೆ ಆಯಿತು. ವೇಗ 1.9ರಿಂದ 2.2ಕ್ಕೆ ಬಂತು.

"ಇನ್ನು ಇದಕ್ಕಿಂತ ಬರಲ್ಲ ಅಕ್ಕಾ" ಅಂದರು. "ನಿಮ್ಮನೆ ಎಕ್ಸ್‌ಚೇಂಜಿಂದ ಹತ್ರ ಅನ್ಸುತ್ತೆ. ಆದ್ರೆ ಕೇಬಲ್ ಮೇನ್ ರೋಡ್ ಸುತ್ಕೊಂಡು ಬರುತ್ತೆ. 4 ಕಿಲೋಮೀಟರ್ ಮೇಲೇ ಇದೆ. ಈ ದೂರಕ್ಕೆ 10 ಯಾರಿಗೂ ಬಂದಿಲ್ಲ."

ಆರು ದೂರಿಗೆ ಸಿಗದ ಉತ್ತರ ಅವರ ಈ ನಾಲ್ಕು ಮಾತಿನಲ್ಲಿ ಸಿಕ್ಕಿತು. ದೂರ ನಿಮ್ಮ ತಪ್ಪಲ್ಲ. ತಾಮ್ರದ ಗುಣವೇ ಅದು. ಎಡಿಎಸ್‌ಎಲ್ 2 ಪ್ಲಸ್‌ಗೆ 24 ಎಂಬಿಪಿಎಸ್ ಅಂತ ಪುಸ್ತಕದಲ್ಲಿ ಇರುವುದು ಎಕ್ಸ್‌ಚೇಂಜ್ ಪಕ್ಕದ ಮನೆಗೆ. 4 ಕಿಲೋಮೀಟರ್ ಆಚೆ ಹೋದರೆ ಎರಡೋ ಮೂರೋ ಸಿಕ್ಕರೆ ಹೆಚ್ಚು. ನನ್ನ ಕೇಬಲ್ ಎಷ್ಟು ಉದ್ದ ಅಂತ ನಿಮ್ಮ ದಾಖಲೆಯಲ್ಲಿದೆ. ಎಕ್ಸ್‌ಚೇಂಜಿನಲ್ಲಿ ಕೂತೇ ಲೈನ್ ಟೆಸ್ಟ್ ಮಾಡಿ ನೋಡಬಹುದು. ಪ್ಲಾನ್ ಹಾಕುವ ಮೊದಲೇ ನೋಡಬಹುದಿತ್ತು. "ಇಲ್ಲಿಗೆ 2 ಮಾತ್ರ ಬರುತ್ತೆ" ಅಂದಿದ್ದರೆ ನಾನು 349 ರೂಪಾಯಿಯ 2ರ ಪ್ಲಾನನ್ನೇ ತಗೊಳ್ಳುತ್ತಿದ್ದೆ. ನೀವು ಬರದ ವೇಗ ಮಾರಿದಿರಿ. 14 ತಿಂಗಳು ಅದರ ದುಡ್ಡು ತಗೊಂಡಿರಿ. ತಪ್ಪನ್ನು ನನ್ನ ಮನೆಯ ಗೋಡೆಯೊಳಗೆ ಹುಡುಕಿಸಿದಿರಿ. ನನ್ನ ಸಿಟ್ಟೆಲ್ಲ ಇದಕ್ಕೇ.

ಕರಾರಿನಲ್ಲಿ "10 ಎಂಬಿಪಿಎಸ್ ವರೆಗೆ" ಅಂತ ಇದೆ ಅಂತ ನೀವು ಹೇಳಬಹುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ನಿಮಗೆ ಗೊತ್ತೇ ಇದೆ. ಮಾರಿದ ವೇಗದ ಶೇ 80ಕ್ಕಿಂತ ಜಾಸ್ತಿ ಗ್ರಾಹಕರಿಗೆ ಸಿಗಬೇಕು. 10ಕ್ಕೆ ಶೇ 80 ಅಂದರೆ 8. ಜಾಯಿಂಟ್ ಸರಿ ಮಾಡಿದ ಮೇಲೂ ನನಗೆ ಸಿಕ್ಕಿದ್ದು 2.2, ಅಂದರೆ ಶೇ 22. "ವರೆಗೆ" ಅನ್ನುವ ಒಂದು ಪದ ಇಷ್ಟು ದೊಡ್ಡ ಅಂತರವನ್ನು ಮುಚ್ಚುವುದಿಲ್ಲ.

ನನ್ನ ಲೆಕ್ಕ ಹೀಗಿದೆ. 749ರಲ್ಲಿ 349 ಕಳೆದರೆ 400. ಹದಿನಾಲ್ಕು ತಿಂಗಳಿಗೆ 5,600. ಜಿಎಸ್‌ಟಿ 1,008. ಒಟ್ಟು 6,608 ರೂಪಾಯಿ ವಾಪಸ್ ಬೇಕು. ಇವತ್ತಿನಿಂದಲೇ ನನ್ನನ್ನು 2ರ ಪ್ಲಾನ್‌ಗೆ ಹಾಕಬೇಕು, ಇಲ್ಲವೇ ನಮ್ಮ ರಸ್ತೆಗೆ ಫೈಬರ್ ಎಳೆದು ನಿಜವಾಗಿ 10 ಕೊಡಬೇಕು. ವೈರಿಂಗ್, ಸ್ಪ್ಲಿಟರ್ ಖರ್ಚನ್ನು ನಾನು ಕೇಳುತ್ತಿಲ್ಲ. 2ನೇ ಕೌಂಟರ್‌ನಲ್ಲಿ ಕೂತವರು ನನಗೆ ಒಂದು ಪತ್ರ ಬರೆಯಬೇಕು. ಅದು ಮಾತ್ರ ಬೇಕೇ ಬೇಕು.

ಈ ಪತ್ರ ತಲುಪಿ 15 ದಿನ ಕಾಯುತ್ತೇನೆ. ಆಮೇಲೆ ನಿಮ್ಮದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. ಅಲ್ಲೂ "ಪರಿಹಾರವಾಗಿದೆ" ಅಂತ ಎಸ್‌ಎಂಎಸ್ ಬಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಟೆಲಿಫೋನ್ ದೂರು ಅಲ್ಲಿ ನಡೆಯಲ್ಲ ಅಂತ ನಿಮ್ಮವರು ಒಬ್ಬರು ನನಗೆ ಫೋನಿನಲ್ಲಿ ಹೇಳಿದ್ದರು. ಇದೇ ವರ್ಷ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಡೆಯುತ್ತದೆ ಅಂತ ತೀರ್ಪು ಕೊಟ್ಟಿದೆ. ನನ್ನ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ನಮ್ಮ ರಸ್ತೆಯಲ್ಲಿ ಇದೇ ಪಿಲ್ಲರ್‌ನಿಂದ ಲೈನ್ ತಗೊಂಡು 10ರ ದುಡ್ಡು ಕಟ್ಟುವ ಮನೆ ಇನ್ನೂ ಹನ್ನೊಂದು ಇವೆ. ಭಾನುವಾರ ಒಂದೊಂದೇ ಮನೆಗೆ ಹೋಗಿ ಮೋಡೆಮ್ ಪುಟ ತೆಗೆದು ಅಂಕಿ ಬರೆದುಕೊಂಡಿದ್ದೇನೆ. ಎಲ್ಲರ ಅಟೆನ್ಯುಯೇಶನ್ನೂ 54ರ ಮೇಲಿದೆ. ಎಲ್ಲರೂ ಸಹಿ ಹಾಕಿದ್ದಾರೆ. ದೂರು ಹನ್ನೆರಡು ಜನರದ್ದಾಗುತ್ತದೆ, ಅದನ್ನು ಟೈಪ್ ಮಾಡಿ ಹೊಂದಿಸಿ ಕೊಡುವವಳು ನಾನು.

ಟೀ ಉಂಗುರ ಬಿದ್ದ ಹಾಳೆಯ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಅಸಲು ನನ್ನ ಹತ್ತಿರ ಇದೆ. ಆಯೋಗದ ಮುಂದೆ ಅದನ್ನೇ ಮೊದಲು ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಉತ್ತರಹಳ್ಳಿ, ಬೆಂಗಳೂರು