ಭೋಗ್ಯದ ಹಣ ಮಾಲೀಕರಿಗೆ ಕೊಟ್ಟ ಸಾಲವೇ

ಮಾನ್ಯರೇ,

ಶಾಲೆ ಶುರುವಾಗುವ ಮುನ್ನ ಮೈಸೂರಿನ ಬೋಗಾದಿ, ದಟ್ಟಗಳ್ಳಿ, ವಿಜಯನಗರ 4ನೇ ಹಂತದ ಕಡೆ ಮನೆ ಹುಡುಕುವವರಿಗೆ ‘ಭೋಗ್ಯಕ್ಕಿದೆ’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ತಿಂಗಳ ಬಾಡಿಗೆಯಿಲ್ಲ, ಮೊದಲೇ ಒಟ್ಟಿಗೆ ಕೊಟ್ಟ ಇಡುಗಂಟು ಎರಡು ಮೂರು ವರ್ಷ ಬಿಟ್ಟು ಹಾಗೇ ಕೈಗೆ ಬರುತ್ತದೆ ಎಂದು ನಂಬಿ ನಿವೃತ್ತಿಯ ಹಣವನ್ನೂ ಒಡವೆ ಅಡವಿಟ್ಟ ದುಡ್ಡನ್ನೂ ತಂದು ಕೊಡುತ್ತಾರೆ. ಆ ಹಣಕ್ಕೆ ಭದ್ರತೆ ಏನೆಂದು ಕೇಳುವವರು ಕಡಿಮೆ.

12,000 ರೂಪಾಯಿ ಬಾಡಿಗೆ ತರುವ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ಮಾಲೀಕರು ವರ್ಷಕ್ಕೆ 1,44,000 ರೂಪಾಯಿ ಬಿಟ್ಟುಕೊಟ್ಟಂತಾಯಿತು. ಅಂದರೆ 8 ಲಕ್ಷಕ್ಕೆ ಶೇ 18ರ ಬಡ್ಡಿ. ಅಷ್ಟು ದುಬಾರಿ ಹಣ ಏಕೆ ಬೇಕಾಯಿತು? ಎಷ್ಟೋ ಸಲ ಆ ಮನೆಯ ಮೇಲೆ ಆಗಲೇ ಬ್ಯಾಂಕಿನ ಸಾಲ ಇರುತ್ತದೆ, ಇನ್ನಷ್ಟು ಸಿಗುವುದಿಲ್ಲ. ಆದ್ದರಿಂದ ಮನೆಯ ಬೆಳಕು, ನೀರು, ವಾಸ್ತು ನೋಡುವ ಮೊದಲು ಸಾಲ ಕೊಡುವವರು ನೋಡುವಂತೆ ಕಾಗದಪತ್ರ ನೋಡಬೇಕು.

ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ಪಡೆಯಿರಿ, ಮಾಲೀಕರು ಕೊಟ್ಟ ಜೆರಾಕ್ಸ್ ಸಾಲದು. ವ್ಯವಹಾರ ದಾಖಲಾಗಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 16 ನೋಡಿದ ಕೂಡಲೇ ನಿರಾಳರಾಗಬೇಡಿ. ಹುಡುಕಾಟ ನಡೆಯುವುದು ಸ್ವತ್ತಿನ ಸಂಖ್ಯೆಯ ಮೇಲೆ. ಬಡಾವಣೆಯ ನಿವೇಶನ ಸಂಖ್ಯೆ ಒಂದು, ಖಾತೆಯ ಸಂಖ್ಯೆ ಇನ್ನೊಂದು ಇದ್ದಾಗ ಒಂದನ್ನೇ ಕೊಟ್ಟು ಹುಡುಕಿದರೆ ಸಾಲ ಕಾಣದೇ ಹೋಗಬಹುದು. ಎರಡನ್ನೂ ಕೊಟ್ಟು ನೋಡಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಾಳೆ ಹಾಕಿ. ಇಷ್ಟಾದ ಮೇಲೂ ಮೂಲ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಬೇಕು. ‘ಲಾಕರಿನಲ್ಲಿದೆ, ಆಮೇಲೆ ತೋರಿಸುತ್ತೇನೆ’ ಎಂದರೆ ಅದು ಬ್ಯಾಂಕಿನಲ್ಲಿರಬಹುದು ಎಂದೇ ತಿಳಿದು ಮುಂದುವರಿಯಿರಿ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಬೇಕು. ಕರೆಂಟು, ನೀರು, ಕಂದಾಯದ ಬಾಕಿ ರಸೀದಿಗಳನ್ನು ನೋಡುವುದು ಐದು ನಿಮಿಷದ ಕೆಲಸ.

ಬ್ಯಾಂಕಿನ ಸಾಲ ಇರುವ ಮನೆಯಲ್ಲಿ ಭೋಗ್ಯದಾರರು ಏಕೆ ಸೋಲುತ್ತಾರೆ ಎಂಬುದಕ್ಕೆ ಉತ್ತರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮಿನಲ್ಲಿದೆ. ಅಡವಿಟ್ಟ ಮನೆಯನ್ನು ಮಾಲೀಕರು ಗುತ್ತಿಗೆಗೆ ಕೊಡಬಹುದು, ಆದರೆ ನ್ಯಾಯವಾದ ಬಾಡಿಗೆ ಗೊತ್ತುಮಾಡಿರಬೇಕು, ಇಡುಗಂಟಾಗಲಿ ಮುಂಗಡ ಬಾಡಿಗೆಯಾಗಲಿ ಪಡೆದಿರಬಾರದು, ಕಟ್ಟಡವಾದರೆ ಅವಧಿ 3 ವರ್ಷ ಮೀರಬಾರದು. ನಮ್ಮ ಭೋಗ್ಯ ನಿಂತಿರುವುದೇ ಇಡುಗಂಟಿನ ಮೇಲೆ. ಕಂತು ನಿಂತು ಬ್ಯಾಂಕಿನವರು ಗೇಟಿಗೆ ನೋಟಿಸು ಅಂಟಿಸಿದ ದಿನ ಭೋಗ್ಯದಾರರ ಕರಾರು ಅವರೆದುರು ನಿಲ್ಲುವುದು ಬಹಳ ಕಷ್ಟ. ಸಾಲ ಇದ್ದೂ ಮನೆ ಬೇಕೇ ಬೇಕೆಂದಾದರೆ ಬ್ಯಾಂಕಿನಿಂದ ಬಾಕಿ ಎಷ್ಟೆಂಬ ಪತ್ರ ತರಿಸಿ, ಭೋಗ್ಯದ ಹಣವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿ, ಸಾಲ ಪೂರ್ತಿ ತೀರಿದ ಪತ್ರ ಪಡೆದು ಆಮೇಲೆ ಕರಾರಿಗೆ ಸಹಿ ಮಾಡಿ. ಆ ಹಣದಿಂದ ಸಾಲ ಪೂರ್ತಿ ತೀರದಿದ್ದರೆ ಆ ಮನೆ ಬಿಟ್ಟುಬಿಡಿ.

ಇನ್ನು ಕರಾರಿನ ವಿಚಾರ. 11 ತಿಂಗಳ ಬಾಡಿಗೆ ಕರಾರಿನ ಮಾದರಿಯನ್ನೇ ಇ-ಸ್ಟಾಂಪ್ ಕಾಗದದ ಮೇಲೆ ಟೈಪು ಮಾಡಿಸಿ ಲಕ್ಷಗಟ್ಟಲೆ ಕೊಡುವುದು ಇಲ್ಲಿ ರೂಢಿಯಾಗಿದೆ. ಹೀಗೆ ಮಾಡಿದರೆ ಅದು ಕೈಸಾಲದಂತಾಗುತ್ತದೆಯೇ ಹೊರತು ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಸ್ವಾಧೀನ ಭೋಗ್ಯ, ಅಂದರೆ ಹಣ ಕೊಟ್ಟವರ ವಶಕ್ಕೇ ಮನೆ ಬರುವ ಅಡಮಾನ, ಎನಿಸಬೇಕಾದರೆ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಯಾವುದೇ ಮೊತ್ತಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಆಗ ಅದು ಇ.ಸಿ.ಯಲ್ಲಿಯೂ ಕಾಣುತ್ತದೆ, ಮನೆ ಕೊಳ್ಳಲು ಬಂದವರಿಗೂ ತಿಳಿಯುತ್ತದೆ. ಜನ ನೋಂದಣಿಗೆ ಹಿಂಜರಿಯಲು ಕಾರಣ ಖರ್ಚು; ಸ್ವಾಧೀನ ಸಹಿತ ಅಡಮಾನಕ್ಕೆ ಸ್ವಾಧೀನವಿಲ್ಲದ್ದಕ್ಕಿಂತ ಮುದ್ರಾಂಕ ಶುಲ್ಕ ಹೆಚ್ಚು. ವಾಸಕ್ಕೆಂದು ಕೊಡುವ ಸಣ್ಣ ಮೊತ್ತದ ಭೋಗ್ಯಕ್ಕೆ ರಾಜ್ಯ ಸರ್ಕಾರ ಈ ಶುಲ್ಕವನ್ನು ನಾಮಮಾತ್ರಕ್ಕೆ ಇಳಿಸಬೇಕು. ಇಳಿಸಿದರೆ ಕಾಗದಕ್ಕೇ ಬಾರದ ವ್ಯವಹಾರಗಳು ದಾಖಲೆಗೆ ಬರುತ್ತವೆ.

ಹಣವನ್ನು ಚೆಕ್ಕು ಅಥವಾ ಆರ್‌ಟಿಜಿಎಸ್ ಮೂಲಕವೇ ಕೊಡಿ. ‘ಅರ್ಧ ನಗದು ಕೊಡಿ’ ಎಂಬ ಮಾತಿಗೆ ಒಪ್ಪಿದರೆ ಆ ಅರ್ಧಕ್ಕೆ ಸಾಕ್ಷಿಯೇ ಇರುವುದಿಲ್ಲ.

ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಸ್ಪೀಡ್ ಪೋಸ್ಟ್‌ನಲ್ಲಿ ತಿಳಿಸಿ. ಹಳೆಯ ಹಣ ಖರ್ಚಾಗಿರುವುದರಿಂದ ಮುಂದಿನ ಭೋಗ್ಯದಾರರು ಸಿಗುವ ತನಕ ಮಾಲೀಕರ ಬಳಿ ಕೊಡಲು ಏನೂ ಇರದಿರಬಹುದು. ‘ಖಾಲಿ ಮಾಡಿ, ಸುಣ್ಣಬಣ್ಣ ಹೊಡೆಸಿ ಬೇರೆಯವರಿಗೆ ಕೊಟ್ಟು ನಿಮ್ಮ ದುಡ್ಡು ಕೊಡುತ್ತೇನೆ’ ಎಂದು ಕೇಳುವುದು ಇದಕ್ಕೇ. ನೋಂದಾಯಿತ ಸ್ವಾಧೀನ ಭೋಗ್ಯದಲ್ಲಿ ಹಣ ತೀರುವವರೆಗೆ ಮನೆಯನ್ನು ಇಟ್ಟುಕೊಳ್ಳುವ ಹಕ್ಕು ಕಾನೂನೇ ಕೊಟ್ಟದ್ದು. ಪೂರ್ತಿ ಹಣ ಖಾತೆಗೆ ಬಂದದ್ದನ್ನು ನೋಡಿಯೇ ಕೀಲಿಕೈ ಕೊಡಿ.

— ಕುವೆಂಪುನಗರದ ಓದುಗರು, ಮೈಸೂರು